‘ಜನ ಹಾಗನ್ನುತ್ತಾರೆ’ ಎಂದ ಇತಿಹಾಸಕಾರ

ಬರೆದ ಮಾತಿನ ಹೊಣೆ ಬರೆದವನ ಮೇಲೆ ಎಷ್ಟು ದಿನ ಇರುತ್ತದೆ? ಅವನು ಬದುಕಿರುವ ತನಕ ಮಾತ್ರವೇ? ಅವನು ತೀರಿಕೊಂಡ ಮೇಲೆ ಆ ಮಾತನ್ನು ಇನ್ನೊಬ್ಬ ಎತ್ತಿಕೊಂಡು ಕತ್ತಿಯಾಗಿ ಬಳಸಿದರೆ ಅದರ ಪಾಪದಲ್ಲಿ ಮೊದಲಿನವನಿಗೆ ಪಾಲಿದೆಯೇ? ಈ ಪ್ರಶ್ನೆಯನ್ನು ಬರೀ ತರ್ಕದಿಂದ ಬಿಡಿಸಹೊರಟರೆ ಎರಡೂ ಕಡೆಗೆ ವಾದಗಳು ಸಿಗುತ್ತವೆ. ಒಬ್ಬ ಮನುಷ್ಯನ ಬದುಕನ್ನು ಎದುರಿಗಿಟ್ಟುಕೊಂಡು ನೋಡುವುದೇ ವಾಸಿ. ಜರ್ಮನ್ ಇತಿಹಾಸಕಾರ ಹೈನ್ರಿಕ್ ಫಾನ್ ಟ್ರೈಟ್‌ಶ್ಕೆಯ ಬದುಕು ಇದಕ್ಕೆ ತಕ್ಕದ್ದಾಗಿದೆ.

ಟ್ರೈಟ್‌ಶ್ಕೆ 1834ರಲ್ಲಿ ಡ್ರೆಸ್ಡನ್ ನಗರದಲ್ಲಿ ಹುಟ್ಟಿದ. ತಂದೆ ಸ್ಯಾಕ್ಸನಿ ರಾಜ್ಯದ ಸೇನಾಧಿಕಾರಿ. ಬಾಲ್ಯದ ಕಾಯಿಲೆಯೊಂದರಿಂದ ಹುಡುಗನ ಕಿವಿ ಮಂದವಾಯಿತು, ಮುಂದೆ ಪೂರ್ತಿ ಕೇಳಿಸದಾಯಿತು. ಆಗ ಜರ್ಮನಿ ಎಂಬ ಒಂದು ದೇಶವಿರಲಿಲ್ಲ, ಹತ್ತಾರು ರಾಜ್ಯಗಳಿದ್ದವು. ಅವೆಲ್ಲ ಪ್ರಷ್ಯದ ನೇತೃತ್ವದಲ್ಲಿ ಒಂದಾಗಬೇಕೆಂಬುದು ಈ ಯುವಕನ ಕನಸು. 1866ರ ಯುದ್ಧದಲ್ಲಿ ಸ್ಯಾಕ್ಸನಿ ಪ್ರಷ್ಯದ ವಿರುದ್ಧ ನಿಂತಿತು. ಆದರೂ ಆತ ತನ್ನ ಹುಟ್ಟುನಾಡನ್ನು ಪ್ರಷ್ಯ ತನ್ನೊಳಗೆ ಸೇರಿಸಿಕೊಳ್ಳಲಿ ಎಂದು ಬರೆದ. ತಂದೆ ಮಗನ ಸಂಬಂಧ ಅದರಿಂದ ಮುರಿಯಿತು. ಒಂದು ಆದರ್ಶಕ್ಕಾಗಿ ಮನೆಯನ್ನೇ ಕಳೆದುಕೊಂಡವನ ನಿಷ್ಠೆಯನ್ನು ನಾವು ಸುಳ್ಳು ಎನ್ನಲಾರೆವು. ಕೆಡುಕು ಯಾವಾಗಲೂ ಕೆಟ್ಟವರಿಂದಲೇ ಶುರುವಾಗುತ್ತದೆ ಎಂದು ನಂಬುವವರು ಈ ಬದುಕನ್ನು ನೋಡಬೇಕು.

1871ರಲ್ಲಿ ಕನಸು ಕೈಗೂಡಿತು. ಟ್ರೈಟ್‌ಶ್ಕೆ ಹೊಸ ಸಂಸತ್ತಿನ ಸದಸ್ಯನಾದ. 1874ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನೂ ಆದ. ಆತನ ಉಪನ್ಯಾಸ ಕೇಳಲು ವಿದ್ಯಾರ್ಥಿಗಳ ಜೊತೆಗೆ ಅಧಿಕಾರಿಗಳೂ ಬರುತ್ತಿದ್ದರು. 1879ರಿಂದ 1894ರವರೆಗೆ ಐದು ಸಂಪುಟಗಳಲ್ಲಿ ಹೊರಬಂದ ಆತನ ಹತ್ತೊಂಬತ್ತನೆಯ ಶತಮಾನದ ಜರ್ಮನ್ ಇತಿಹಾಸ ಓದುಬಲ್ಲ ಮನೆಗಳ ಕಪಾಟು ಸೇರಿತು. ಗ್ರಂಥ ಅಪೂರ್ಣವಾಗಿಯೇ ಉಳಿದು 1848ರ ಕ್ರಾಂತಿಯ ಹೊಸ್ತಿಲಲ್ಲಿ ನಿಲ್ಲುತ್ತದೆ.

ದೇಶ ಒಂದಾದರೂ ಮನಸ್ಸುಗಳು ನೆಮ್ಮದಿಯಾಗಿರಲಿಲ್ಲ. 1873ರಲ್ಲಿ ಷೇರು ಮಾರುಕಟ್ಟೆ ಕುಸಿದು ಎಷ್ಟೋ ಕುಟುಂಬಗಳು ಹಣ ಕಳೆದುಕೊಂಡವು. ಯಹೂದಿಗಳಿಗೆ ಸಮಾನ ನಾಗರಿಕ ಹಕ್ಕು ಸಿಕ್ಕಿ ಆಗ ಹೆಚ್ಚು ವರ್ಷಗಳಾಗಿರಲಿಲ್ಲ. ಜನಸಂಖ್ಯೆಯಲ್ಲಿ ಅವರು ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು, ಅಷ್ಟೇ. ಆದರೂ ಸಿಟ್ಟಿಗೆ ಒಂದು ಗುರಿ ಬೇಕಾಗಿತ್ತು. 1879ರಲ್ಲಿ ಪತ್ರಕರ್ತ ವಿಲ್ಹೆಲ್ಮ್ ಮಾರ್ ಯಹೂದಿ ದ್ವೇಷಕ್ಕೇ ಒಂದು ಸಂಘ ಕಟ್ಟಿದ. ಆಸ್ಥಾನದ ಪಾದ್ರಿ ಅಡಾಲ್ಫ್ ಸ್ಟೋಕರ್ ಸಭೆಗಳಲ್ಲಿ ಅದನ್ನೇ ಸಾರಿದ. ಇದು ಬೀದಿಯ ಗದ್ದಲ, ಓದಿದವರು ಮೂಗು ಮುರಿದು ದೂರವಿರಬಹುದಾಗಿತ್ತು. ಆ ಗದ್ದಲಕ್ಕೆ ಮರ್ಯಾದೆಯ ಉಡುಪು ತೊಡಿಸಿದವನು ಟ್ರೈಟ್‌ಶ್ಕೆ.

1879ರ ನವೆಂಬರ್‌ನಲ್ಲಿ, ತಾನೇ ಸಂಪಾದಿಸುತ್ತಿದ್ದ ‘ಪ್ರಷ್ಯದ ವಾರ್ಷಿಕಿ’ ಎಂಬ ಪತ್ರಿಕೆಯಲ್ಲಿ, ಆತ ರಾಜಕೀಯ ವಿದ್ಯಮಾನಗಳ ಬಗ್ಗೆ ಒಂದು ದೀರ್ಘ ಲೇಖನ ಬರೆದ. ಅದರ ಕೊನೆಯ ಕೆಲವು ಪುಟಗಳು ಮಾತ್ರ ಯಹೂದಿಗಳ ಕುರಿತಾದವು. ಯಹೂದಿಗಳೇ ನಮ್ಮ ದೌರ್ಭಾಗ್ಯ ಎಂಬ ಮಾತು ಬಂದದ್ದು ಅಲ್ಲಿಯೇ. ಆದರೆ ಆತ ಅದನ್ನು ತನ್ನ ಮಾತೆಂದು ಹೇಳಲಿಲ್ಲ. ಅತ್ಯಂತ ಸುಶಿಕ್ಷಿತರೂ ಇಂದು ಒಕ್ಕೊರಲಿನಿಂದ ಹೀಗನ್ನುತ್ತಿದ್ದಾರೆ ಎಂದು ವರದಿಗಾರನ ಹಾಗೆ ಬರೆದ. ಯಹೂದಿಗಳ ನಾಗರಿಕ ಹಕ್ಕನ್ನು ಕಿತ್ತುಕೊಳ್ಳಿ ಎಂದೂ ಕೇಳಲಿಲ್ಲ. ಅವರು ಪೂರ್ತಿ ಜರ್ಮನ್ನರಾಗಲಿ, ಅಷ್ಟೇ ನಮ್ಮ ಬೇಡಿಕೆ ಎಂದ.

ಕತೆ ಬರೆಯುವ ನಮಗೆ ಈ ಉಪಾಯ ಪರಿಚಿತ. ನಾವು ಹೇಳಲಾರದ ಮಾತನ್ನು ಪಾತ್ರದ ಬಾಯಲ್ಲಿ ಆಡಿಸುತ್ತೇವೆ. ಆದರೆ ಅದು ಕತೆಯೆಂದು ಓದುಗನಿಗೆ ಗೊತ್ತಿರುತ್ತದೆ. ಇತಿಹಾಸಕಾರನಿಗೆ ಆ ವಿನಾಯಿತಿ ಇಲ್ಲ. ‘ಜನ ಹಾಗನ್ನುತ್ತಾರೆ’ ಎಂದು ಆತ ಬರೆದರೆ, ಆ ಜನ ಯಾರು, ಅವರು ಹೇಳುವುದು ನಿಜವೇ ಎಂದು ವಿಚಾರಿಸುವುದು ಆತನ ಕಸುಬಿನ ಮೊದಲ ಕರ್ತವ್ಯ.

ವಿಚಾರಿಸುವ ಅವಕಾಶವೂ ಆತನಿಗೆ ಒದಗಿತು. ಪೂರ್ವದ ಗಡಿ ದಾಟಿ ಪೋಲೆಂಡಿನಿಂದ ಯಹೂದಿ ಯುವಕರು ವರ್ಷವರ್ಷವೂ ಹಿಂಡುಹಿಂಡಾಗಿ ಬರುತ್ತಿದ್ದಾರೆ, ನಾಳೆ ಅವರ ಮಕ್ಕಳು ಮೊಮ್ಮಕ್ಕಳೇ ಷೇರುಪೇಟೆಯನ್ನೂ ಪತ್ರಿಕೆಗಳನ್ನೂ ಆಳುತ್ತಾರೆ ಎಂದು ಆತ ಬರೆದಿದ್ದ. ಬರ್ಲಿನ್ನಿನ ವೈದ್ಯ, ಅಂಕಿಸಂಖ್ಯಾ ತಜ್ಞ ಸಾಲೊಮನ್ ನಾಯ್ಮನ್ ಸರ್ಕಾರದ ಲೆಕ್ಕಗಳನ್ನೇ ಹಿಡಿದು ಪರಿಶೀಲಿಸಿ, 1880ರಲ್ಲಿ ಒಂದು ಪುಸ್ತಿಕೆ ಪ್ರಕಟಿಸಿದ. ಈ ಭಾರೀ ವಲಸೆ ಒಂದು ಕಟ್ಟುಕತೆ ಎಂಬುದನ್ನು ಅದು ತೋರಿಸಿಕೊಟ್ಟಿತು. ಟ್ರೈಟ್‌ಶ್ಕೆ ತನ್ನ ಮಾತಿಗೇ ಅಂಟಿಕೊಂಡ. ಕಿವಿ ಕೇಳಿಸದಿರುವುದು ಯಾರ ತಪ್ಪೂ ಅಲ್ಲ. ಇಲ್ಲಿ ಕೇಳಿಸಿಕೊಳ್ಳಬೇಕಾದದ್ದೇನೂ ಇರಲಿಲ್ಲ, ರುಜುವಾತು ಅಚ್ಚಾಗಿ ಮೇಜಿನ ಮೇಲಿತ್ತು. ವಿದ್ವಾಂಸನೊಬ್ಬ ಪ್ರಚಾರಕನಾಗುವುದು ತಪ್ಪು ಬರೆದಾಗಲ್ಲ, ತಪ್ಪು ತೋರಿಸಿದ ಮೇಲೂ ತಿದ್ದಿಕೊಳ್ಳದಿದ್ದಾಗ ಎಂದು ನಮಗನಿಸುತ್ತದೆ.

ಅದೇ ವಿಶ್ವವಿದ್ಯಾಲಯದಲ್ಲಿದ್ದ ರೋಮ್ ಇತಿಹಾಸದ ಮಹಾಪಂಡಿತ ಥಿಯೊಡೋರ್ ಮೊಮ್ಸೆನ್ 1880ರಲ್ಲಿ ಬಹಿರಂಗವಾಗಿ ಉತ್ತರಿಸಿದ. ಬೀದಿಯ ಮಾತು ಟ್ರೈಟ್‌ಶ್ಕೆಯ ಬಾಯಿಂದ ಬಂದ ಕಾರಣಕ್ಕೇ ಗೌರವಸ್ಥ ಮಾತಾಯಿತು ಎಂಬುದು ಆತನ ಮುಖ್ಯ ತಕರಾರು. ಅದೇ ನವೆಂಬರ್‌ನಲ್ಲಿ ಮೊಮ್ಸೆನ್ ಸೇರಿದಂತೆ 75 ಮಂದಿ ಗಣ್ಯರು ಯಹೂದಿ ದ್ವೇಷವನ್ನು ಖಂಡಿಸಿ ಹೇಳಿಕೆ ಹೊರಡಿಸಿದರು. ಮೊಮ್ಸೆನ್ ಕೂಡ ಯಹೂದಿಗಳು ತಮ್ಮ ಪ್ರತ್ಯೇಕತೆಯನ್ನು ಬಿಡಬೇಕೆಂದು ಬಯಸಿದವನೇ. ಪರವಾಗಿ ನಿಂತವನ ಮನಸ್ಸಿನಲ್ಲೂ ಆ ಕಾಲದ ನೆರಳು ಇತ್ತು. ಆದರೂ ನಿಲ್ಲಬೇಕಾದ ಗಳಿಗೆಯಲ್ಲಿ ಆತ ನಿಂತ.

ಆ ಹೊತ್ತಿಗೆ ಯಹೂದಿಗಳ ಹಕ್ಕುಗಳನ್ನು ಮೊಟಕುಗೊಳಿಸಬೇಕೆಂಬ ಮನವಿಯೊಂದು ಊರೂರು ಸುತ್ತುತ್ತಿತ್ತು. 1881ರಲ್ಲಿ ಅದು ಬಿಸ್ಮಾರ್ಕನ ಕೈ ಸೇರಿದಾಗ ಎರಡೂವರೆ ಲಕ್ಷದಷ್ಟು ಸಹಿಗಳಿದ್ದವು. ಸಹಿ ಹಾಕಿದವರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಾವಿರಗಟ್ಟಲೆ ಇದ್ದರು. ಟ್ರೈಟ್‌ಶ್ಕೆಯ ಶಿಷ್ಯ ಹೈನ್ರಿಕ್ ಕ್ಲಾಸ್ ಮುಂದೆ ಉಗ್ರ ರಾಷ್ಟ್ರವಾದಿ ಸಂಘಟನೆಯಾದ ಪ್ಯಾನ್ ಜರ್ಮನ್ ಲೀಗಿನ ಮುಖ್ಯಸ್ಥನಾದ. ಗುರುವಿನ ಆ ಒಂದು ಮಾತು ತನ್ನ ರಕ್ತಗತವಾಯಿತೆಂದು ಆತ ಆತ್ಮಕಥೆಯಲ್ಲಿ ಹೆಮ್ಮೆಯಿಂದ ನೆನೆದಿದ್ದಾನೆ. ಟ್ರೈಟ್‌ಶ್ಕೆ 1896ರಲ್ಲಿ ತೀರಿಕೊಂಡ. 1923ರಲ್ಲಿ ನ್ಯೂರೆಂಬರ್ಗಿನಲ್ಲಿ ಹುಟ್ಟಿದ ನಾಜಿ ಪತ್ರಿಕೆ ‘ಡೆರ್ ಶ್ಟ್ಯುರ್ಮರ್’ ಅದೇ ಮಾತನ್ನು ತನ್ನ ಮುಖಪುಟದ ಅಡಿಬರಹ ಮಾಡಿಕೊಂಡಿತು. ಅಲ್ಲಿ ‘ಜನ ಹಾಗನ್ನುತ್ತಾರೆ’ ಎಂಬ ಭಾಗ ಉದುರಿಹೋಗಿತ್ತು.

ನಾಜಿಗಳ ಕಾಲದಲ್ಲಿ ಲೇಖನ ಸಾಲದೆ ಸಂಸ್ಥೆಗಳೇ ಎದ್ದವು. ಪಾದ್ರಿ ಸ್ಟೋಕರನ ಮೇಲೆ ಸಂಶೋಧನೆ ಮಾಡಿ ಹೆಸರಾದ ವಾಲ್ಟರ್ ಫ್ರಾಂಕ್ 1935ರಲ್ಲಿ ‘ಹೊಸ ಜರ್ಮನಿ’ಯ ಇತಿಹಾಸಕ್ಕಾಗಿ ಸ್ಥಾಪಿಸಲಾದ ಸರ್ಕಾರಿ ಸಂಸ್ಥೆಯ ಅಧ್ಯಕ್ಷನಾದ. ಮರುವರ್ಷ ಮ್ಯೂನಿಕ್ಕಿನಲ್ಲಿ ಅದರದೇ ಒಂದು ಯಹೂದಿ ಸಂಶೋಧನಾ ವಿಭಾಗ ತೆರೆಯಿತು. ಅಡಿಟಿಪ್ಪಣಿ, ದಸ್ತಾವೇಜು, ವಾರ್ಷಿಕ ಸಂಪುಟ ಎಲ್ಲವೂ ಅಲ್ಲಿದ್ದವು. ತೀರ್ಪು ಮಾತ್ರ ಸಂಶೋಧನೆಗೆ ಮೊದಲೇ ಸಿದ್ಧವಾಗಿತ್ತು. 1945ರ ಮೇ ತಿಂಗಳಲ್ಲಿ, ನಾಜಿ ಆಡಳಿತ ಮುಗಿದಾಗ, ಫ್ರಾಂಕ್ ಆತ್ಮಹತ್ಯೆ ಮಾಡಿಕೊಂಡ.

ಟ್ರೈಟ್‌ಶ್ಕೆ ಇದನ್ನೆಲ್ಲ ಬಯಸಿರಲಿಲ್ಲ ಎಂದು ಆತನ ಪರವಾಗಿ ಹೇಳಬಹುದು. ಅದು ನಿಜವೂ ಇರಬಹುದು. ಹಾಗೆಂದು ಆತನನ್ನು ಕೊಲೆಗಾರರ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ, ಪೂರ್ತಿ ಬಿಡುಗಡೆ ಮಾಡುವುದೂ ನ್ಯಾಯವಲ್ಲ. 60 ವರ್ಷಗಳ ಮುಂದಿನದು ಯಾರಿಗೂ ಕಾಣುವುದಿಲ್ಲ. ಆದರೆ ಮುಂದಿನ ವರ್ಷದ್ದು ಆತನ ಕಣ್ಣೆದುರಿಗೇ ಇತ್ತು. ತನ್ನ ವಿದ್ಯಾರ್ಥಿಗಳು ಯಾವ ಕಾಗದಕ್ಕೆ ಸಹಿ ಹಾಕುತ್ತಿದ್ದಾರೆಂದು ಆತ ಬಲ್ಲ. ಹೊಣೆಯನ್ನು ಅಳೆಯಬೇಕಾದದ್ದು ಅಲ್ಲಿಂದ.

‘ಜರ್ಮನ್ನರಾಗಿ’ ಎಂಬ ಆತನ ಬೇಡಿಕೆ ಎಷ್ಟು ಪೊಳ್ಳೆಂಬುದಕ್ಕೆ ಹ್ಯಾರಿ ಬ್ರೆಸ್‌ಲೌ ಸಾಕ್ಷಿ. ಬರ್ಲಿನ್ನಿನಲ್ಲಿ ಟ್ರೈಟ್‌ಶ್ಕೆಯ ಸಹೋದ್ಯೋಗಿಯಾಗಿದ್ದ ಈ ಯಹೂದಿ ಇತಿಹಾಸಕಾರ, ನೊಂದು, 1880ರಲ್ಲಿ ಆತನಿಗೆ ಬಹಿರಂಗ ಪತ್ರ ಬರೆದಿದ್ದ. ಜರ್ಮನ್ ಮಧ್ಯಯುಗದ ದಾಖಲೆಗಳ ಅಧ್ಯಯನಕ್ಕೆ ಬದುಕನ್ನೇ ಸವೆಸಿದ ಬ್ರೆಸ್‌ಲೌ, 1890ರಲ್ಲಿ ಸ್ಟ್ರಾಸ್‌ಬರ್ಗಿಗೆ ಪ್ರಾಧ್ಯಾಪಕನಾಗಿ ಹೋದ. ಮೊದಲ ಮಹಾಯುದ್ಧ ಮುಗಿದು 1918ರಲ್ಲಿ ಆ ಊರು ಫ್ರಾನ್ಸಿನ ಕೈಗೆ ಬಂದಾಗ, ಆತನನ್ನು ಗಡಿಯಾಚೆಗೆ ಹೊರದೂಡಲಾಯಿತು. ಕಾರಣ, ಆತ ಕಟ್ಟಾ ಜರ್ಮನ್ ರಾಷ್ಟ್ರವಾದಿ.