ಚಮಚದ ಬೆನ್ನ ಮೇಲಿನ ಹೆಸರು

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಕೇಳಿಕೊಂಡೇ ಬೆಳೆದವನು ನಾನು. ನಮ್ಮ ಮನೆತನದ ಕಸುಬೇ ಅದು. ಇಂಗ್ಲೆಂಡಿನಲ್ಲಿ ಇದೇ ಅನುಮಾನ ಕಾನೂನಾಯಿತು. ಬೆಳ್ಳಿ ಕೆಲಸದವನು ತನ್ನ ಗುರುತಿನ ಮುದ್ರೆ ಒತ್ತಲೇಬೇಕೆಂದು 1363ರಲ್ಲಿ ಅಲ್ಲಿ ಕಟ್ಟಳೆ ಬಂತು. ಕೀರ್ತಿಗಲ್ಲ, ತಾಮ್ರ ಹೆಚ್ಚು ಬೆರೆತಿದ್ದರೆ ಯಾರನ್ನು ಹಿಡಿಯಬೇಕೆಂದು ತಿಳಿಯಲಿಕ್ಕೆ. 1478ರಿಂದ ವರ್ಷಕ್ಕೊಂದು ಅಕ್ಷರವೂ ಸೇರಿತು. ಪರೀಕ್ಷಿಸಿದ ಅಧಿಕಾರಿಯೇ ತಪ್ಪಿದ್ದರೆ ಅವನೂ ಸಿಕ್ಕಿಬೀಳಲಿ ಎಂದು! ಈ ಜಾಣತನ ನನಗೆ ಬಹಳ ಹಿಡಿಸುತ್ತದೆ.

ಲಂಡನ್ನಿನ ಬೆಳ್ಳಿ ಕೆಲಸಗಾರ್ತಿ ಹೆಸ್ಟರ್ ಬೇಟ್‌ಮನ್ ಎಂಬುವಳ ಮುದ್ರೆಯ ಚಮಚವೊಂದನ್ನು ಭೂತಗನ್ನಡಿ ಹಿಡಿದು ನೋಡಿದ್ದೇನೆ. ಹಿಡಿಯ ಹಿಂಬದಿ, ಬಟ್ಟಲಿಗೆ ಸೇರುವ ಸಣಕಲು ಜಾಗದಲ್ಲಿ ಮುದ್ರೆಗಳು ಒತ್ತೊತ್ತಾಗಿ ಕೂತಿವೆ. ಸಾವಿರದಲ್ಲಿ 925 ಪಾಲು ಬೆಳ್ಳಿ ಎಂದು ಸಾರುವ ಸಿಂಹದ ಮುಖ ಉಜ್ಜಿ ಉಜ್ಜಿ ಸವೆದಿದೆ. ಕೈಬರಹದಂತೆ ಬಾಗಿದ ಎಚ್, ಬಿ ಮಾತ್ರ ಇನ್ನೂ ಬೆರಳಿಗೆ ತಾಕುತ್ತವೆ. 1760ರಲ್ಲಿ ಹೆಸ್ಟರಳ ಗಂಡ ತೀರಿಕೊಂಡ. ಮರುವರ್ಷ ಈಕೆ ಅಲ್ಲಿನ ಅಕ್ಕಸಾಲಿಗರ ಸಂಘದ ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲಿ ತನ್ನ ಮುದ್ರೆ ದಾಖಲಿಸಿದಳು. ಓದುಬರಹ ಬಾರದವಳು. 'ಹೆಸ್ಟರ್ ಮಾಡಿದ್ದು' ಎಂದು ಸಂಗ್ರಹಕಾರರು ಇಂದು ಮುಗಿಬೀಳುತ್ತಾರೆ. ಆದರೆ ಬನ್‌ಹಿಲ್ ರೋ ಬೀದಿಯ ಆ ಕಾರ್ಖಾನೆಯಲ್ಲಿ ಮಕ್ಕಳೂ ಕೆಲಸಗಾರರೂ ಸುತ್ತಿಗೆ ಹಿಡಿದಿದ್ದರು. ಯಾರ ಪೆಟ್ಟು ಎಲ್ಲಿ ಬಿತ್ತೆಂದು ಮುದ್ರೆ ಹೇಳುವುದಿಲ್ಲ. ಹೆಚ್ಚುಕಡಿಮೆಯಾದರೆ ನನ್ನನ್ನು ಕೇಳಿ ಎಂದಷ್ಟೇ ಹೇಳುತ್ತದೆ.

ಹೀಗೆ ಹೆಸರೊತ್ತಿ ಹೊಣೆ ಹೊರುವುದು ಅಲ್ಲಿನ ರೀತಿ. ನಮ್ಮಲ್ಲಿ 'ನಾನು ಮಾಡಿದೆ' ಎಂದರೆ ಅಹಂಕಾರ, 'ನಾನು ನಿಮಿತ್ತ' ಎಂದರೆ ವಿನಯ. ಫಲದ ಆಸೆ ಬಿಡು ಎಂದಿತು ಗೀತೆ, ಒಪ್ಪಿದೆ. ಫಲ ಬಿಟ್ಟವನು ದೋಷದ ಹೊಣೆಯನ್ನೂ ಬಿಡಬಹುದೇ? ಕಟ್ಟಿದ ಗೋಡೆ ಬಿರುಕು ಬಿಟ್ಟಾಗ 'ಎಲ್ಲ ಅವನಿಚ್ಛೆ' ಎಂದು ಕೈ ತೊಳೆದುಕೊಳ್ಳುವವರ ಬಾಯಲ್ಲೂ ಇದೇ ನಿಮಿತ್ತದ ಮಾತು ಕೇಳಿದ್ದೇನೆ, ಮೈ ಉರಿದಿದೆ. ಶರಣರು ವಚನದ ಕೊನೆಗೆ ತಮ್ಮ ಹೆಸರು ಬರೆಯಲಿಲ್ಲ, ಇಷ್ಟದೈವದ ಅಂಕಿತವಿಟ್ಟರು. ಹಾಗೆಂದು ಯಾರೂ ದೇವರ ಹಿಂದೆ ಅಡಗಲಿಲ್ಲ. ಕೂಡಲಸಂಗಮದೇವ ಎಂದೊಡನೆ ಆಡಿದ ಮಾತಿಗೆ ಬಸವಣ್ಣನೇ ಹೊಣೆಗಾರನೆಂದು ಎಲ್ಲರಿಗೂ ಗೊತ್ತು. ಹೊಗಳಿಕೆ ದೇವರಿಗೆ ಹೋಗಲಿ, ದೂರು ನನ್ನ ಬಾಗಿಲಿಗೇ ಬರಲಿ ಎನ್ನುವ ಈ ಲೆಕ್ಕವೇ ನನಗೆ ಸರಿ ಕಾಣುತ್ತದೆ.

ಹೆಸ್ಟರಳ ಕಾರ್ಖಾನೆಯಲ್ಲೂ ಈ ಹೊಣೆ ಕೈಯಿಂದ ಕೈಗೆ ಸಾಗಿತು. 1790ರಲ್ಲಿ ಆಕೆ ಕೆಲಸದಿಂದ ಹಿಂದೆ ಸರಿದಳು. ಮಕ್ಕಳಾದ ಪೀಟರ್, ಜೊನಾಥನ್ ಜೊತೆಯಾಗಿ ಹೊಸ ಮುದ್ರೆ ದಾಖಲಿಸಿದರು. ಮರುವರ್ಷವೇ ಜೊನಾಥನ್ ತೀರಿಕೊಂಡ. ಅವನ ಹೆಂಡತಿ ಆ್ಯನ್, ಭಾವ ಪೀಟರನ ಜೊತೆ ಸೇರಿ ಇನ್ನೊಂದು ಮುದ್ರೆ ಬರೆಸಿದಳು.