ಹೇಳಿದ ಮಾತು ಮುಟ್ಟಿತೋ?

ಮನುಷ್ಯನು ಒಂಟಿಯಾಗಿ ಬದುಕಲಾರನು. ಕೂಡಿ ಬದುಕಬೇಕಾದರೆ ತನ್ನ ಮನಸ್ಸಿನಲ್ಲಿರುವದನ್ನು ಮತ್ತೊಬ್ಬನ ಮನಸ್ಸಿಗೆ ಮುಟ್ಟಿಸಲೇಬೇಕು. ಹಸಿದ ಕೂಸು ಅಳುವದರಿಂದ ಮುಟ್ಟಿಸುತ್ತದೆ. ಮಾತು ಬಾರದವನು ಕೈಸನ್ನೆಯಿಂದ ಮುಟ್ಟಿಸುತ್ತಾನೆ. ಹಿಂದೆ ತಮಟೆ ಬಡಿದು ಊರಲ್ಲಿ ಸಾರುತ್ತಿದ್ದರು. ದೂರದಲ್ಲಿರುವ ಮಗನು ಈಗ ಮೊಬೈಲಿನಲ್ಲಿ ಮಾತಾಡುತ್ತಾನೆ. ಉಪಾಯಗಳು ಹಲವು, ಕಾರ್ಯವು ಒಂದೇ. ಈ ಕಾರ್ಯದಲ್ಲಿ ಹೇಳುವವನ ಪಾಲೆಷ್ಟು, ಕೇಳುವವನ ಪಾಲೆಷ್ಟು, ಮಾತು ಮುಟ್ಟದೆ ಹೋದರೆ ತಪ್ಪು ಯಾರದು ಎಂಬದನ್ನು ನಾವು ಸ್ವಲ್ಪ ಆಲೋಚಿಸೋಣ.

"ನಾನು ಹೇಳಿಬಿಟ್ಟೆನು, ಅಲ್ಲಿಗೆ ನನ್ನ ಕೆಲಸ ತೀರಿತು" ಎನ್ನುವವರು ಬಹು ಜನರುಂಟು. ಇದು ಸರಿಯೋ? ಬಾಯಿ ಮುಚ್ಚಿದ ಮಡಕೆಯ ಮೇಲೆ ನೀರು ಹೊಯ್ದವನು ಮಡಕೆಯನ್ನು ತುಂಬಿದೆನೆಂದು ಹೇಳಬಹುದೋ? ನೀರು ಹೊಯ್ದದ್ದು ನಿಜ. ಮಡಕೆ ಬರಿದಾಗಿರುವದೂ ನಿಜ. ಹಾಗೆಯೇ ಮಾತು ಬಾಯಿಂದ ಹೊರಟ ಮಾತ್ರಕ್ಕೆ ಮುಗಿಯುವದಿಲ್ಲ. ಕೇಳಿದವನಿಗೆ ತಿಳಿದಾಗಲೇ ಮುಗಿಯುತ್ತದೆ. ಹೀಗಾಗುವದಕ್ಕೆ ಮೂರು ಸಂಗತಿಗಳು ಬೇಕು.

ಮೊದಲನೆಯದು, ಇಬ್ಬರಿಗೂ ತಿಳಿಯುವ ಭಾಷೆ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಈ ಸೀಮೆಗಳಲ್ಲಿ ಬೀದಿಯಲ್ಲಿ ಕನ್ನಡವಾಡಿ ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ತಮಿಳನ್ನೋ ಆಡುವವರು ನಮ್ಮ ನೆರೆಯಲ್ಲೇ ಇದ್ದಾರೆ. ನೆರೆಯವನ ಹೃದಯವನ್ನು ಮುಟ್ಟಬೇಕೆನ್ನುವವನು ಅವನ ಮಾತನ್ನು ಕಲಿಯತಕ್ಕದ್ದು. ಫೆರ್ಡಿನಂಡ್ ಕಿಟ್ಟೆಲ್ ಅವರು 1853ರಲ್ಲಿ ಜರ್ಮನಿಯಿಂದ ಈ ದೇಶಕ್ಕೆ ಬಂದರು. ಅವರು ಅನೇಕ ವರುಷಗಳ ಕಾಲ ದುಡಿದು ಸಿದ್ಧಪಡಿಸಿದ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಸುಮಾರು 70,000 ಶಬ್ದಗಳಿವೆ. ಪಂಡಿತರ ಗ್ರಂಥಗಳಲ್ಲಿಯ ಶಬ್ದಗಳು ಮಾತ್ರವಲ್ಲ, ಜನರ ಬಾಯಲ್ಲಿದ್ದ ಗಾದೆಗಳೂ ಅದರಲ್ಲಿ ಸೇರಿವೆ. ಕಲಿಸುವದಕ್ಕೆ ಬಂದವರು ತಾವೇ ಮೊದಲು ಶಿಷ್ಯರಾದರು. ಆದರೆ ಭಾಷೆ ಒಂದೇ ಆದ ಮಾತ್ರಕ್ಕೆ ತಿಳಿಯುವದೆಂದು ನೆನಸಬಾರದು. ಸಾಲದ ಪತ್ರವು ಕನ್ನಡದಲ್ಲೇ ಇದ್ದರೂ ಅದರ ಅರ್ಥವನ್ನು ಬಿಡಿಸಿ ಹೇಳದೆ ಓದು ಬಾರದ ಮುದುಕಿಯ ಹೆಬ್ಬೆಟ್ಟನ್ನು ಒತ್ತಿಸಿಕೊಂಡವನು ಅವಳಿಗೆ ತಿಳಿಸಿದನೆಂದು ಯಾರು ಹೇಳುವರು? ಅವನು ಸುಳ್ಳಾಡಲಿಲ್ಲ, ಆದರೂ ಮೋಸ ಮಾಡಿದನು.

ಎರಡನೆಯದು, ಬಿಡುವಾದ ಕಿವಿ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳು ಓಡುವ ಮನೆಯೊಳಗೆ ಹೋದವರು ಬಲ್ಲರು: ಅಲ್ಲಿ ಎಷ್ಟು ಕೂಗಿದರೂ ಮಾತು ಕೇಳಿಸದು. ಹತ್ತಿರ ಹೋಗಬೇಕು, ಇಲ್ಲವೆ ಮುಖ ನೋಡಿ ಸನ್ನೆ ಮಾಡಬೇಕು. ಮನುಷ್ಯನ ಮನಸ್ಸಿನಲ್ಲಿಯೂ ಇಂಥ ಮಗ್ಗಗಳುಂಟು. ಕೋಪವೊಂದು, ಗರ್ವವೊಂದು, "ಇವನೇನು ಹೇಳಿಯಾನು" ಎಂಬ ತಾತ್ಸಾರವೊಂದು. ಇವು ಓಡುತ್ತಿರುವಾಗ ನೆರೆಯವನ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯುವದಿಲ್ಲ. ಅಲ್ಲದೆ, ಆಡಿದ ಮಾತನ್ನು ಮಾತ್ರವಲ್ಲ, ಆಡದ ಮಾತನ್ನೂ ಕೇಳತಕ್ಕದ್ದು. ಮೌನವು ಸಮ್ಮತಿಯ ಲಕ್ಷಣವೆಂದು ಹಿರಿಯರು ಹೇಳುವದುಂಟು. ಆದರೆ ಮದುವೆಯ ಮಾತು ನಡೆಯುವಾಗ ತಲೆ ತಗ್ಗಿಸಿ ನಿಂತ ಹುಡುಗಿಯ ಮೌನವು ಒಪ್ಪಿಗೆಯೋ ಅಂಜಿಕೆಯೋ ಎಂದು ಎಷ್ಟು ಮಂದಿ ತಂದೆಗಳು ವಿಚಾರಿಸುತ್ತಾರೆ? ಬಾಯಿ ತೆರೆಯಲು ಹೆದರುವವರ ಮೌನವನ್ನು ಒಪ್ಪಿಗೆಯೆಂದು ಎಣಿಸುವದು ಅನ್ಯಾಯವೇ.

ಮೂರನೆಯದು, ಉತ್ತರಕ್ಕೆ ಸ್ಥಳ. ಕೇಳಿದವನು ತಿರುಗಿ ಮಾತಾಡದಂತೆ ಮಾಡಿದರೆ ಅದು ಅಪ್ಪಣೆಯೇ ಹೊರತು ಸಂಭಾಷಣೆಯಲ್ಲ. ಇದಕ್ಕೆ ದೃಷ್ಟಾಂತವು ನಮ್ಮ ಸಮೀಪದಲ್ಲೇ ಇದೆ. ಕೈಗಾರಿಕೆಗಳಿಗಾಗಿ ಭೂಮಿಯನ್ನು ತೆಗೆದುಕೊಳ್ಳುವ ಮುಂಚೆ ಒಡೆಯನಿಗೆ ನೋಟೀಸು ಕೊಟ್ಟು ಅವನ ಆಕ್ಷೇಪಣೆಯನ್ನು ಕೇಳಬೇಕೆಂದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾನೂನೇ ಹೇಳುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಭೂಮಿಯು ಬೇಕೆಂದು ಸರಕಾರವು ಪ್ರಕಟಿಸಿದಾಗ ಅನೇಕ ರೈತರು ಕೊಡೆವೆಂದರು. 2022ರ ಏಪ್ರಿಲಿನಲ್ಲಿ ಧರಣಿ ಕೂತರು. ಮಳೆ ಬಿಸಿಲುಗಳು ಕಳೆದವು. ಆ ಯೋಜನೆಯನ್ನು ಕೈಬಿಟ್ಟಿರುವದಾಗಿಯೂ ತಾವಾಗಿ ಕೊಡುವವರ ಭೂಮಿಯನ್ನು ಮಾತ್ರ ಕೊಳ್ಳುವದಾಗಿಯೂ ಮುಖ್ಯಮಂತ್ರಿಗಳು ಹೇಳಿದ್ದು 2025ರ ಜುಲೈ 15ರಂದು. ಕೈಗಾರಿಕೆ ಬೇಕೋ ಬೇಡವೋ ಎಂಬ ವಾದಕ್ಕೆ ನಾವು ಇಲ್ಲಿ ಕೈಹಾಕುವದಿಲ್ಲ. ಒಂದನ್ನೇ ಗಮನಿಸಿರಿ: "ಕೊಡಿರಿ" ಎಂಬ ಮಾತು ಒಂದು ಕಾಗದದಲ್ಲಿ ಬಂದು ಮುಟ್ಟಿತು, "ಕೊಡೆವು" ಎಂಬ ಮಾತು ಮುಟ್ಟುವದಕ್ಕೆ ಮೂರು ವರುಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಮೇಲಿನಿಂದ ಕೆಳಗೆ ಇಳಿಯುವ ಮಾತಿಗೆ ದಾರಿ ಸುಲಭ. ಕೆಳಗಿನಿಂದ ಮೇಲೆ ಹತ್ತುವ ಮಾತಿಗೆ ದಾರಿ ಕಠಿಣ. ಆದದರಿಂದ ಯಾರು ಮೇಲೆ ಕೂತಿದ್ದಾನೋ ಅವನೇ ಹೆಚ್ಚಾಗಿ ಬಗ್ಗಿ ಕೇಳತಕ್ಕದ್ದು.

ಇದನ್ನು ಅಧಿಕಾರಿಗಳಿಗೆ ಮಾತ್ರ ಹೇಳಿದ್ದೆಂದು ನಾವು ಸುಮ್ಮನಿರಬಾರದು. ಗಂಡನು ಹೆಂಡತಿಗೆ, ಅತ್ತೆಯು ಸೊಸೆಗೆ, ಉಪಾಧ್ಯಾಯನು ಮಕ್ಕಳಿಗೆ, ಸಭೆಯ ಹಿರಿಯನು ಕೂಲಿಯ ಬಡವನಿಗೆ ಮೇಲೆ ಕೂತವರೇ. ಪ್ರತಿಯೊಬ್ಬನೂ ಯಾರಾದರೊಬ್ಬರಿಗೆ ಸರಕಾರವಾಗಿದ್ದಾನೆ.

"ಕೇಳುವವನು ಬೇಕೆಂದೇ ಕಿವಿ ಮುಚ್ಚಿಕೊಂಡರೆ ನಾವೇನು ಮಾಡೋಣ?" ಎಂದು ಕೆಲವರು ಕೇಳಬಹುದು. ತಿಳಿಯುವ ಮಾತಿನಲ್ಲಿ ಹೇಳಿ, ತಾಳ್ಮೆಯಿಂದ ಕಾದು, ಅವನ ಉತ್ತರವನ್ನೂ ಕೇಳಲು ಸಿದ್ಧನಿದ್ದವನ ಮೇಲೆ ತಪ್ಪಿಲ್ಲ. ಆದರೆ ಈ ಮೂರನ್ನೂ ಮಾಡಿದೆನೋ ಎಂದು ತನ್ನ ಮನಸ್ಸಾಕ್ಷಿಯನ್ನು ಮೊದಲು ವಿಚಾರಿಸಲಿ; ಅನಂತರ ನೆರೆಯವನನ್ನು ಕಿವುಡನೆನ್ನಲಿ.

ಆದಕಾರಣ ಪ್ರಿಯ ಓದುಗರೇ, ಈ ಸಣ್ಣ ಅಭ್ಯಾಸಗಳನ್ನು ಹಿಡಿಯೋಣ. ಮುಖ್ಯವಾದ ಸಂಗತಿಯನ್ನು ಹೇಳಿದ ಮೇಲೆ "ತಿಳಿಯಿತೋ?" ಎಂದು ಕೇಳಿ ಬಿಡದೆ, "ನಿಮಗೆ ಹೇಗೆ ತಿಳಿಯಿತು, ಹೇಳಿರಿ" ಎನ್ನೋಣ. ಓದು ಬಾರದವರ ಮುಂದೆ ಕಾಗದವನ್ನು ಎರಡು ಸಾರಿ ಓದಿ ಅರ್ಥ ಹೇಳದೆ ಹೆಬ್ಬೆಟ್ಟು ಕೇಳದಿರೋಣ. ನ್ಯಾಯಕ್ಕೆ ಕೂತಾಗ ಎಲ್ಲರಿಗಿಂತ ಬಲಹೀನನು ಮೊದಲು ಮಾತಾಡಲಿ. ಮಾತು ಬಲ್ಲವನಿಗೆ ಜಗಳವಿಲ್ಲವೆಂದು ನಮ್ಮ ಗಾದೆ ಹೇಳುತ್ತದಷ್ಟೆ. ಕೇಳಬಲ್ಲವನೇ ಮಾತು ಬಲ್ಲವನು.