ಬಿಡುವ ಹಕ್ಕು

‘ಯಾವುದು ಶಾಶ್ವತ, ಬಿಟ್ಟುಬಿಡವ್ವ.’ ಗಂಡ ಹೆಂಡತಿ ಬೇರೆಯಾಗುವ ಹೊತ್ತಿಗೆ ಹಿರಿಯರ ಬಾಯಲ್ಲಿ ಬರುವ ಮಾತಿದು. ಮಾತು ಸುಳ್ಳಲ್ಲ. ಆದರೆ ಅದನ್ನು ಯಾರಿಗೆ ಹೇಳುತ್ತೇವೆ? ಜಮೀನು ಉಳಿಸಿಕೊಂಡವನಿಗೆ ಹೇಳುವುದಿಲ್ಲ. ಒಡವೆ ಕಳೆದುಕೊಂಡವಳಿಗೆ ಹೇಳುತ್ತೇವೆ.

ಇದ್ದದ್ದು ಇಲ್ಲವಾಗುವುದನ್ನು ಶಿಕಾರಿಪುರ ತಾಲ್ಲೂಕಿನ ಈಸೂರು ಕಣ್ಣಾರೆ ಕಂಡಿದೆ. 1942ರಲ್ಲಿ ಊರು ತಾನು ಸ್ವತಂತ್ರ ಎಂದು ಸಾರಿ ವೀರಭದ್ರೇಶ್ವರನ ಗುಡಿಯ ಮೇಲೆ ಬಾವುಟ ಹಾರಿಸಿತು. ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸತ್ತರು. ಪಡೆ ನುಗ್ಗಿತು, ಮನೆಗಳು ಲೂಟಿಯಾದವು, ಜನ ಕಾಡು ಸೇರಿದರು. 1943ರ ಮಾರ್ಚಿನಲ್ಲಿ ಐವರಿಗೆ ಗಲ್ಲಾಯಿತು. ತಾವಾಗಿ ಪಣಕ್ಕಿಟ್ಟ ಜೀವವನ್ನು ನಾವು ತ್ಯಾಗವೆಂದು ಗೌರವಿಸುತ್ತೇವೆ. ಮನೆಯಿಂದ ಹೊತ್ತೊಯ್ದದ್ದನ್ನು ಹಾಗೆ ಗೌರವಿಸಲಾದೀತೆ?

ಇದೇ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು. ಹರಿಹರ ಕವಿ ಹೇಳುವಂತೆ ಅವಳು ಕೌಶಿಕ ರಾಜನನ್ನು ಮದುವೆಯಾದಳು, ಆಮೇಲೆ ಅರಮನೆಯ ಜೊತೆಗೆ ಉಟ್ಟ ಬಟ್ಟೆಯನ್ನೂ ಬಿಟ್ಟು ನಡೆದಳು. ಆ ವೈರಾಗ್ಯದ ಎತ್ತರಕ್ಕೆ ಕಾರಣ, ಬಿಡುವ ತೀರ್ಮಾನ ಅವಳದ್ದೇ ಆಗಿತ್ತು. ಬೇರೆಯವರು ಬಲವಂತದಿಂದ ಬಿಡಿಸಿದ್ದರೆ ಅದು ಬರೀ ದರೋಡೆ.

ಬಿಡಬೇಕಾದರೆ ಮೊದಲು ಅದು ತನ್ನದಾಗಿರಬೇಕು. ನಮ್ಮ ಕಾನೂನಿನಲ್ಲಿ ಮದುವೆ ಆಸ್ತಿಯನ್ನು ಬೆರೆಸುವುದಿಲ್ಲ. ಮುಂಚೆ ಯಾರದ್ದಾಗಿತ್ತೋ ವಿಚ್ಛೇದನದ ನಂತರವೂ ಅವರದ್ದೇ. ಆದರೆ ಗೋವಾದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಪೋರ್ಚುಗೀಸರ ಕಾಲದ ಸಂಹಿತೆ ಇಬ್ಬರ ಆಸ್ತಿಯನ್ನೂ ಒಂದು ಮಾಡುತ್ತದೆ. ಈಸೂರು ಸೇರಿದ್ದ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿನ ಕಾಯಿದೆ ಮಾಡಿ, ಅವರ ಒಡವೆ, ಬಟ್ಟೆ, ಸ್ವಂತ ದುಡಿಮೆಯ ಗಳಿಕೆಯನ್ನು ಸ್ತ್ರೀಧನವೆಂದು ಬರೆದಿಟ್ಟಿತು.

ನಿಯಮ ಇಬ್ಬರಿಗೂ ಸಮ. ಆದರೆ ಅವನು ತಂದದ್ದು ಮಣ್ಣು, ಅವಳು ತಂದದ್ದು ಬಂಗಾರ. ಮಣ್ಣು ಪಹಣಿಯಲ್ಲಿ ನಿಲ್ಲುತ್ತದೆ. ಬೋರು ತೆಗೆಸಲು, ಅಡಿಕೆ ಸಸಿ ಇಡಲು ದುಡ್ಡು ಸಾಲದಾದಾಗ ತವರಿನ ಸರ ಗಿರವಿಗೆ ಹೋಗುತ್ತದೆ. ಸರ ನೀರಾಗುತ್ತದೆ, ನೀರು ಮರವಾಗುತ್ತದೆ, ಮರ ಅವನ ಪಹಣಿಯೊಳಗೆ ನಿಲ್ಲುತ್ತದೆ. ಹತ್ತು ವರ್ಷದ ಮೇಲೆ ‘ನಿನ್ನ ಸರ ಎಲ್ಲಿದೆ ತೋರಿಸು’ ಎಂದರೆ ಅವಳು ಏನು ತೋರಿಸಬೇಕು? ಅದು ಎಲ್ಲೂ ಹೋಗಿಲ್ಲ, ಕಣ್ಣೆದುರಿನ ತೋಟದಲ್ಲೇ ಇದೆ. ರೂಪ ಬದಲಾದ ಮಾತ್ರಕ್ಕೆ ಋಣ ತೀರುವುದಿಲ್ಲ. ಸ್ತ್ರೀಧನ ಹೆಂಡತಿಯೊಬ್ಬಳದ್ದೇ, ಗಂಡನ ಕೈಲಿದ್ದರೆ ಅದು ನಂಬಿ ಇಟ್ಟದ್ದು ಎಂದು ಸುಪ್ರೀಂ ಕೋರ್ಟು 1985ರಲ್ಲಿ ಹೇಳಿತು. ಕಷ್ಟಕ್ಕೆ ಬಳಸಿಕೊಂಡರೂ ಹಿಂದಿರುಗಿಸಬೇಕು ಎಂದು 2024ರಲ್ಲಿ ಮತ್ತೆ ನೆನಪಿಸಿತು. ಆದರೆ ಆ ತೋಟದಲ್ಲಿ ಅವಳು ಬಗ್ಗಿ ದುಡಿದ ವರ್ಷಗಳಿಗೆ ಪಹಣಿಯಲ್ಲಿ ಕಾಲಮ್ಮಿಲ್ಲ. ಜೀವನಾಂಶವೆಂದು ಕೋರ್ಟು ಕೊಡಿಸಿದಷ್ಟೇ.

ಎಲ್ಲವೂ ಅಳಿಯುತ್ತದೆ ಎಂಬ ಅರಿವು ಕೊಡಬೇಕಾದವನನ್ನು ಅವಸರಪಡಿಸಬೇಕು. ರಸೀದಿಯ ಮಸಿ ಮಾಸುತ್ತದೆ, ಕೊಟ್ಟದ್ದನ್ನು ಕಂಡ ಹಿರಿಯರು ತೀರಿಕೊಳ್ಳುತ್ತಾರೆ, ಕೊಡುವವನೂ ಪಡೆಯುವವಳೂ ಮುಪ್ಪಾಗುತ್ತಾರೆ. ಯಾವುದೂ ಉಳಿಯುವುದಿಲ್ಲ ಎಂದು ನಿಜವಾಗಿ ನಂಬಿದವನು ಲೆಕ್ಕವನ್ನು ಇವತ್ತೇ ಮಾಡಿ ಅವಳ ಕೈಗಿಡಬೇಕು. ಆಮೇಲೆ ಅವಳು ಇಟ್ಟುಕೊಳ್ಳಲಿ, ಮಾರಲಿ, ಬೇಕಾದರೆ ಅಕ್ಕನ ಹಾಗೆ ಎಲ್ಲ ಬಿಟ್ಟು ನಡೆಯಲಿ. ಅದನ್ನು ತೀರ್ಮಾನಿಸುವವಳು ಅವಳೇ.